ಹಲ್ಲಿಗೆ ಬಂದ ತೊಗರಿ

ನಮ್ಮ ಗಿರಣಿಗೆ ಹೊಸದಾಗಿ ಸೇರುವವರಿಗೆ ಈಗ ಮೂರು ದಿನ ತರಬೇತಿ ಕೊಡುತ್ತಾರೆ. ಗೋಡೆಯ ಮೇಲೆ ಚಿತ್ರ ಬಿಡುತ್ತಾರೆ, ತಲೆಗೆ ಟೋಪಿ ಕೊಡುತ್ತಾರೆ, ಕಡೆಯ ದಿನ ಚಹಾದ ಜೊತೆ ಚೂಡಾನೂ ಉಂಟು. ನಾನು ಸೇರಿದ ಕಾಲದಲ್ಲಿ ತರಬೇತಿ ಅಂದರೆ ಬೈಗುಳ. ಮೂರು ವರ್ಷ ಬೈಸಿಕೊಂಡವನು ಕೆಲಸ ಕಲಿತವನು. ನಿವೃತ್ತಿಯಾಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಗಿರಣಿಯ ಸಾಹುಕಾರರ ಸೊಸೆ ಸುಜಾತಮ್ಮನವರು ಕರೆಸಿ, "ಮೌಲಾ ಮೇಸ್ತ್ರಿ, ನೀವು ಇಷ್ಟ ವರ್ಷ ನೋಡಿದ್ದು ಬರದು ಕೊಡ್ರಿ, ಹೊಸಬರು ಓದ್ಲಿ" ಎಂದರು.

"ಒಳ್ಳೇದು ಬರೀಲ್ಯೋ, ಖರೇದು ಬರೀಲ್ಯೋ?" ಎಂದು ಕೇಳಿದೆ.

"ಎರಡೂ ಬ್ಯಾರೆ ಬ್ಯಾರೆ ಅದಾವೇನ್ರಿ?" ಎಂದು ನಕ್ಕರು.

ಬೇರೆ ಬೇರೆಯೇ ಇವೆ. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ, ನನಗೇ ನೆನಪಿಲ್ಲ. ನನ್ನ ತಪ್ಪುಗಳು ಮಾತ್ರ ಚೆನ್ನಾಗಿ ನೆನಪಿವೆ. ಅವುಗಳಲ್ಲಿ ಒಂದು ಎಷ್ಟು ದೊಡ್ಡದೆಂದರೆ, ಅದರಿಂದ ಒಬ್ಬ ಹೆಣ್ಣುಮಗಳ ಕೆಲಸವೂ ಹೆಸರೂ ಹೋಯಿತು. ಆ ಎರಡನ್ನೂ ತಿರುಗಿ ಕೊಡಲು ನಾನು ಪಟ್ಟ ಪಾಡನ್ನೇ ಮುಖ್ಯವಾಗಿ ಬರೆಯುತ್ತೇನೆ. ಉಳಿದದ್ದನ್ನು ನಿಮಗೆ ಯಂತ್ರಗಳು ಹೇಳಿಕೊಡುತ್ತವೆ.

ಹೊರಗಿನವರಿಗೆ ಬೇಳೆ ಮಾಡುವುದು ಸುಲಭವಾಗಿ ಕಾಣುತ್ತದೆ. ತೊಗರಿಯನ್ನು ಸ್ವಚ್ಛ ಮಾಡಿ, ಸಿಪ್ಪೆಗೆ ಗೀರು ಹಾಕಿ, ಎಣ್ಣೆ ನೀರು ಹಚ್ಚಿ, ಅಂಗಳದಲ್ಲಿ ಎರಡು ಮೂರು ದಿನ ಒಣಗಿಸಿ, ರೂಲಿಗೆ, ಅಂದರೆ ತಿರುಗುವ ಕಲ್ಲಿನ ಉರುಳೆಗೆ, ಬಿಟ್ಟರೆ ಹೊಟ್ಟು ಹೋಗಿ ಕಾಳು ಎರಡಾಗುತ್ತದೆ. ಕಷ್ಟ ಇರುವುದೆಲ್ಲ ಒಣಗಿಸುವುದರಲ್ಲಿ. ಹಸಿ ಉಳಿದರೆ ಸಿಪ್ಪೆ ಬಿಡುವುದಿಲ್ಲ. ಹೆಚ್ಚು ಒಣಗಿದರೆ ಬೇಳೆ ಒಡೆದು ನುಚ್ಚಾಗುತ್ತದೆ. ಇವೆರಡರ ನಡುವೆ ಒಂದು ಹದ ಇದೆ, ನಮ್ಮ ಶಹಾಪುರದ ಬಿಸಿಲಿನಲ್ಲಿ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದನ್ನು ಹಿಡಿಯುವವನು ಮೇಸ್ತ್ರಿ. ಅವನು ಹಿಡಿಯುತ್ತಿದ್ದುದು ಹಲ್ಲಿನಿಂದ.

ನನಗೆ ಇದನ್ನು ಕಲಿಸಿದವರು ಗುರುಮಠಕಲ್ ಕಡೆಯ ರಾಮುಲು ಮೇಸ್ತ್ರಿ. ಅರ್ಧ ಕನ್ನಡ, ಅರ್ಧ ತೆಲುಗು, ಬೈಯುವಾಗ ಎರಡೂ ಪೂರ್ತಿ. ಅಂಗಳದ ನಾಲ್ಕು ಮೂಲೆಯಿಂದ ಮತ್ತು ನಡುವಿನಿಂದ ಒಂದೊಂದು ಕಾಳು ಆರಿಸಿ ದವಡೆಯಲ್ಲಿಟ್ಟು ಕಡಿಯಬೇಕು. ಹಸಿ ಕಾಳು ಹಲ್ಲಿಗೆ ಮೆತ್ತಗೆ ಬಗ್ಗುತ್ತದೆ. ಅತಿಯಾಗಿ ಒಣಗಿದ್ದು ಚೂರಾಗಿ ನಾಲಿಗೆಗೆ ಚುಚ್ಚುತ್ತದೆ. ಹದಕ್ಕೆ ಬಂದದ್ದು 'ಕಟ್' ಎಂದು ಎರಡೇ ಹೋಳಾಗುತ್ತದೆ. "ರುಚಿ ನೋಡಾಕ ಬಂದೀಯೇನಲೇ? ನಾಲಿಗೆ ಅಲ್ಲ, ಕಿವಿ ಇಡು, ಕಿವಿ!" ಎಂದು ನನ್ನ ಕಿವಿಯನ್ನೇ ಹಿಡಿದು ತಿರುವುತ್ತಿದ್ದರು. ಆ ಸದ್ದು ಹೊರಗಿನಿಂದ ಕೇಳುವುದಿಲ್ಲ, ದವಡೆಯ ಎಲುಬಿನೊಳಗಿಂದ ಬರುತ್ತದೆ. ಅದು ನನಗೆ ಕೇಳಲು ಎರಡು ಹಂಗಾಮು ಬೇಕಾಯಿತು.

ಮೇಸ್ತ್ರಿ ಆದವನು ಕಾಳು ನೋಡುವ ದಿನ ಬಿಸಿ ಚಹಾ ಕುಡಿಯಬಾರದು, ಎಲೆಅಡಿಕೆ ಹಾಕಬಾರದು. ಇದಕ್ಕೆ ನಾವು 'ಬಾಯಿ ಕಾಯುವುದು' ಅನ್ನುತ್ತಿದ್ದೆವು. ಅವನು ಅಂಗಳಕ್ಕೆ ಇಳಿದಾಗ ಎಲ್ಲರೂ ಕೈಕೆಲಸ ಬಿಟ್ಟು ನಿಲ್ಲುತ್ತಿದ್ದರು. "ಹಲ್ಲಿಗೆ ಬಂದಾವೇನ್ರಿ?" ಎಂದು ಯಾರಾದರೂ ಕೇಳಬೇಕು. ಅವನು ಐದನೆಯ ಕಾಳು ಉಗುಳಿ "ಬಂದಾವು, ಹೊಡೀರಿ" ಅಂದರೆ ಮಾತ್ರ ಯಂತ್ರ ಶುರು. ಸಾಹುಕಾರರು ಪಕ್ಕದಲ್ಲಿ ನಿಂತಿದ್ದರೂ ಅವರ ಮಾತು ನಡೆಯುತ್ತಿರಲಿಲ್ಲ. ರಾಮುಲು ಮೇಸ್ತ್ರಿ ಹೋದ ಮೇಲೆ ಆ ಜಾಗ ನನಗೆ ಬಂತು. ನನಗೆ ಅದರ ಸೊಕ್ಕು ಚೆನ್ನಾಗಿಯೇ ಏರಿತು ಎಂದು ಇಲ್ಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ನಮ್ಮ ಸಾಹುಕಾರ ಬಸಣ್ಣನವರು ಒಳ್ಳೆಯ ಮನುಷ್ಯ, ಆದರೆ ದನಿ ಸಣ್ಣ ಮಾಡುವುದು ಗೊತ್ತಿರಲಿಲ್ಲ. ಫೋನಿನಲ್ಲಿ ಹೈದರಾಬಾದಿನ ವ್ಯಾಪಾರಿಯ ಜೊತೆ ಮಾತಾಡಿದರೆ ಫೋನು ಬೇಕೇ ಇಲ್ಲ ಅನಿಸುತ್ತಿತ್ತು. ಅವರಿಗೆ ಹೊಸ ಯಂತ್ರದ ಹುಚ್ಚು, ನನಗೆ ಹಳೆಯದರ ಹಟ. ಮೊದಲ ಜಗಳ ಆದದ್ದು ಕಾಳು ಮೇಲೇರಿಸುವ ಬಕೆಟ್ ಪಟ್ಟಿಯ ಬಗ್ಗೆ. ಅಲ್ಲಿಯವರೆಗೆ ಹಮಾಲರು ಚೀಲ ಹೊತ್ತು ಏಣಿ ಹತ್ತಿ ಸುರಿಯುತ್ತಿದ್ದರು. ಪಟ್ಟಿ ಹಾಕಿದರೆ ಕಾಳು ಎತ್ತರದಿಂದ ಬಿದ್ದು ಒಡೆಯುತ್ತದೆ ಎಂದು ನಾನು ವಾದ ಮಾಡಿದೆ. ಪಟ್ಟಿ ಹಾಕಿದ ಮೇಲೆ ಕಾಳು ಒಡೆಯಲಿಲ್ಲ. ಒಂದು ವಾರ ನಾನು ದಿನಾ ಅದರ ಬುಡದಲ್ಲಿ ಕೂತು ಒಡೆದ ಕಾಳು ಹುಡುಕಿದೆ. ಸಾಹುಕಾರರು ಹಾದುಹೋಗುವಾಗಲೆಲ್ಲ, "ಏನ್ ಮೇಸ್ತ್ರಿ, ಕಳಕೊಂಡದ್ದ ಸಿಕ್ತೇನು?" ಎಂದು ಕೂಗುತ್ತಿದ್ದರು. ಇಳಿವಯಸ್ಸಿನ ಹಮಾಲರೊಬ್ಬರು ಸೊಂಟ ನೇರ ಮಾಡಿಕೊಂಡು, "ಇದರ ಮ್ಯಾಲ ನಿನಗ ಯಾಕ ಸಿಟ್ಟು ಮೌಲಾ? ನನ್ನ ಬೆನ್ನ ಕೇಳಿ ನೋಡು" ಅಂದರು. ನಾನು ಕೇಳಿ ನೋಡಲಿಲ್ಲ. ಬೇಳೆಯ ಬಣ್ಣ ನೋಡಿ ಆರಿಸುವ ಯಂತ್ರ ಬಂದಾಗಲೂ ಹೀಗೇ ಆಡಿದೆ, ಅದರಲ್ಲೂ ಸೋತೆ. ಆದರೆ ಈ ಸೋಲುಗಳಿಂದ ನನಗೆ ನೋವಾಗಲಿಲ್ಲ. ಎಷ್ಟೇ ಯಂತ್ರ ಬಂದರೂ ಅವು ಶುರುವಾಗುವುದು ನನ್ನ ಬಾಯಿಂದ 'ಹೊಡೀರಿ' ಎಂಬ ಮಾತು ಬಂದ ಮೇಲೇ.

ಹಾಗಿರುವಾಗ ನನ್ನ ಹಲ್ಲು ಅಲುಗಾಡತೊಡಗಿದವು.

ವರ್ಷಗಟ್ಟಲೆ ಕಾಳು ಕಡಿದ ದವಡೆ, ಮೇಲೆ ತಂಬಾಕಿನ ಚಟ ಬೇರೆ. ಒಂದೊಂದಾಗಿ ಉದುರಿ ಕಡೆಗೆ ಏಳೆಂಟು ಉಳಿದಿದ್ದವು, ಅವೂ ನೋವಿಗೆ ಮಲಗಲು ಬಿಡುತ್ತಿರಲಿಲ್ಲ. ಒಂದು ಮಳೆಗಾಲ, ಅಂಗಳದ ಕೆಲಸ ನಿಂತು ಯಂತ್ರ ಬಿಚ್ಚಿ ರಿಪೇರಿ ಮಾಡುವ ತಿಂಗಳುಗಳಲ್ಲಿ, ಯಾದಗಿರಿಗೆ ಹೋಗಿ ಎಲ್ಲವನ್ನೂ ಕೀಳಿಸಿದೆ. ಗಿರಣಿಯಲ್ಲಿ ಕಾಮಾಲೆ ಎಂದು ಹೇಳಿದ್ದೆ. ಒಸಡು ಮಾಗಿದ ಮೇಲೆ ಪೂರ್ತಿ ಸೆಟ್ಟು ಹಾಕಿಸಿಕೊಂಡೆ. ಅದು ಹೊಸ ಪಿಂಗಾಣಿ ಬಟ್ಟಲಿನ ಹಾಗೆ ಬೆಳ್ಳಗಿತ್ತು. ಹಳೆಯ ಬಣ್ಣ ಬರಲೆಂದು ಹಾಲಿಲ್ಲದ ಚಹಾದಲ್ಲಿ ಅದನ್ನು ದಿನಾ ನೆನೆಹಾಕಿದೆ. ನನ್ನ ಹೆಂಡತಿ ರಾಬಿಯಾ ಆ ಲೋಟ ನೋಡಿ, "ಕಿತ್ತೇ ದಿನ್ ಛುಪಾತೇ ಜೀ?" ಎಂದಳು. ಎಷ್ಟು ದಿನ ಮುಚ್ಚಿಡುತ್ತೀರಿ ಎಂದು ಅವಳು ಕೇಳಿದ್ದಕ್ಕೆ ನಾನು ಆ ಲೋಟವನ್ನು ಕಪಾಟಿನೊಳಗೆ ಸರಿಸಿದೆ. ಹೊಸ ಹಂಗಾಮಿನಲ್ಲಿ ಒಂದು ಕಾಳು ಕಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಸರಿಹೋಗಲಿಲ್ಲ. ಹೊಸ ತೊಗರಿ ಬಂತು, ಒಣಗಿತು, ಅಂಗಳಕ್ಕೆ ಇಳಿದೆ, ಎಲ್ಲರೂ ನಿಂತರು. ಮೊದಲ ಕಾಳು ಕಡಿದೆ. ಏನೂ ಕೇಳಲಿಲ್ಲ. ಎರಡನೆಯದು, ಮೂರನೆಯದು, ಎಲ್ಲವೂ ಒಂದೇ. ಕಟ್ಟಿಸಿದ ಹಲ್ಲಿಗೆ ಎಲುಬಿನ ನಂಟು ಇಲ್ಲ, ಸದ್ದು ಅಲ್ಲೇ ಸಾಯುತ್ತದೆ. ನಲವತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಆಗ ಪಕ್ಕದಲ್ಲಿದ್ದವಳು ನಿಂಗಮ್ಮ. ವಡಗೇರಾ ದಾರಿಯ ಒಂದು ಹಳ್ಳಿಯವಳು, ಕುರಿ ಸಾಕುವ ಮನೆತನ, ಗಂಡ ತೀರಿಕೊಂಡಿದ್ದ. ಅಣ್ಣನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿಗೆ ಬರುತ್ತಿದ್ದಳು. ಅಂಗಳದ ಹೆಂಗಸರು ಒಣಹಾಕಿದ ಕಾಳನ್ನು ಬರಿಗಾಲಿನಿಂದ ಎಳೆಯುತ್ತಾ ಸಾಲು ಮಾಡಿ ಮಗುಚುತ್ತಾರೆ, ಅದಕ್ಕೆ 'ಕಾಲಾಡಿಸುವುದು' ಅನ್ನುತ್ತೇವೆ. ನಿಂಗಮ್ಮ ಹದಿನೈದು ವರ್ಷದಿಂದ ಕಾಲಾಡಿಸುತ್ತಿದ್ದಳು. ಏನಾದರೂ ಮಾತಾಡಬೇಕಲ್ಲ ಎಂದು, "ಏನವಾ, ಇವತ್ತ ಬಿಸಿಲ ಹ್ಯಾಂಗದ?" ಎಂದೆ.

"ಬಿಸಿಲ ಪಾಡ ಅದರಿ. ಆದ್ರ ಮೂಡಣ ಮಗ್ಗಲಾ ಇನ್ನ ಒಂದ ತಾಸ ಬೇಕು. ಬೆರಳ ಸಂದ್ಯಾಗ ತಣ್ಣಗ ಹತ್ತತಾವ" ಎಂದಳು.

ನಾನು ಮೂಡಣ ಮಗ್ಗುಲಿಗೆ ಹೋಗಿ, ಕಾಳು ಕಡಿದು, ಉಗುಳಿ, ದನಿ ಎತ್ತರಿಸಿ ಹೇಳಿದೆ: "ಈ ಕಡೆ ಇನ್ನ ಒಂದ ತಾಸು!" ಒಂದು ತಾಸಿನ ಮೇಲೆ ಹೊಡೆಸಿದೆವು. ಬೇಳೆ ಚೊಕ್ಕಟವಾಗಿ ಬಂತು. ಸಾಹುಕಾರರು ಹೈದರಾಬಾದಿಗೆ ಫೋನು ಹಚ್ಚಿ, ನಮ್ಮ ಮೇಸ್ತ್ರಿಯ ಬಾಯಲ್ಲಿ ಯಂತ್ರವೇ ಇದೆ ಎಂದು ಕೂಗಿದರು. ಇತ್ತು, ಅದು ಯಾದಗಿರಿಯಲ್ಲಿ ಮಾಡಿದ್ದು.

ಅಂದಿನಿಂದ ಅದೇ ಪದ್ಧತಿಯಾಯಿತು. ಮಧ್ಯಾಹ್ನ ಮೂರಕ್ಕೆ ಬಿಸಿಲಿನ ವಿಚಾರ ಕೇಳುವುದು, ಅವಳು ಹೇಳುವುದು, ನಾನು ಕಡಿದಂತೆ ಮಾಡಿ ಅದನ್ನೇ ಸಾರುವುದು. ಅವಳು ಎಂದೂ ಬೇರೆ ಮಾತಾಡಲಿಲ್ಲ. ಅವಳಿಗೆ ತಿಳಿದಿಲ್ಲ ಎಂದೇ ನಾನು ತಿಳಿದಿದ್ದೆ. ಎರಡು ತಿಂಗಳು ಹೀಗೆ ನಡೆಯಿತು. ಆ ಎರಡು ತಿಂಗಳಲ್ಲಿ ಅವಳಿಗೆ ಒಂದು ಒಳ್ಳೆಯ ಮಾತು ಹೇಳಬೇಕೆಂದು ನನಗೆ ಅನಿಸಲಿಲ್ಲ. ಇದನ್ನು ಬರೆಯುವಾಗ ಈಗಲೂ ಮುಖ ಕೆಂಪಾಗುತ್ತದೆ.

ಒಂದು ದಿನ ನಿಂಗಮ್ಮ ಎರಡು ಟಗರು ಮಾರಲು ಅಣ್ಣನ ಜೊತೆ ಕೆಂಭಾವಿ ಸಂತೆಗೆ ಹೋಗುವುದಿತ್ತು. ಮುಂಚೆಯೇ ಹೇಳಿ ರಜೆ ಕೇಳಿದ್ದಳು, ನಾನೇ ಹ್ಞೂಂ ಅಂದಿದ್ದೆ. ಆ ದಿನ ಬೆಳಗಿನಿಂದ ಒಣಗಾಳಿ ಬೀಸಿತು. ಮೂರು ಗಂಟೆಗೆ ಅಂಗಳಕ್ಕೆ ಇಳಿದೆ. ಬೇರೆ ಹೆಂಗಸರನ್ನು ಕೇಳಿದರೆ, "ನಮಗೇನ ತಿಳೀತದ್ರಿ, ನೀವು ಮೇಸ್ತ್ರಿಗಳು" ಎಂದರು. ಕಾಳು ಕಡಿದೆ, ಎಲ್ಲವೂ ಒಂದೇ. ಹಸಿ ಉಳಿದುಬಿಟ್ಟರೆ ಎಂಬ ಅಂಜಿಕೆಯಿಂದ ಇನ್ನೊಂದು ತಾಸು ಎಂದೆ. ಮತ್ತೆ ಬಂದು ಕಡಿದೆ, ಮತ್ತೊಂದು ತಾಸು ಎಂದೆ. ಕಡೆಗೆ ಧೈರ್ಯ ಮಾಡಿ "ಹೊಡೀರಿ" ಎಂದೆ.

ರೂಲಿನಿಂದ ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನುಚ್ಚು. ಸಾಹುಕಾರರು ಒಂದು ಮುಷ್ಟಿ ಎತ್ತಿ ನನ್ನ ಮುಖದ ಮುಂದೆ ಹಿಡಿದರು. "ಇದು ಬ್ಯಾಳ್ಯೋ, ರವಾನೋ? ಏನಾತಿದು?"

ಆಗ ನನ್ನ ಬಾಯಿಂದ ಬಂದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. "ನಿನ್ನೆ ನಿಂಗಮ್ಮ ಸರಿಯಾಗಿ ಕಾಲಾಡಿಸಿಲ್ರಿ. ಅಕಿಗೆ ಸಂತಿ ಹುಚ್ಚ ಹಿಡದಿತ್ತು. ಒಂದ ಕಡೆ ಗುಪ್ಪಿ ಬಿಟ್ಟು, ಒಂದ ಕಡೆ ತೆಳ್ಳಗ ಹರವ್ಯಾಳ. ನನ್ನ ಹಲ್ಲ ಏನ್ ಮಾಡ್ತದ?"

ಹಲ್ಲಿನ ಮೇಲೆ ಯಾರಿಗೂ ಅನುಮಾನ ಇರಲಿಲ್ಲ, ಹಾಗಾಗಿ ಎಲ್ಲರೂ ನಂಬಿದರು. ಮರುದಿನ ಬೆಳಿಗ್ಗೆ ನಿಂಗಮ್ಮ ಬುತ್ತಿ ಹಿಡಿದು ಬಾಗಿಲಿಗೆ ಬಂದಳು. ಸಾಹುಕಾರರು ಎಲ್ಲರ ಎದುರಿಗೇ, "ಕೆಲಸಗೇಡಿ, ಇನ್ನ ಮ್ಯಾಲ ಬರಬ್ಯಾಡ" ಎಂದು ಕೂಗಿದರು. ಅವಳು ಒಂದು ಸಲ ನನ್ನ ಕಡೆ ನೋಡಿದಳು. ನಾನು ಮೋಟಾರಿನ ಬೆಲ್ಟು ನೋಡುತ್ತಾ ನಿಂತೆ. ಅವಳು ಬುತ್ತಿ ಹಿಡಿದುಕೊಂಡು ತಿರುಗಿ ಬಸ್ ನಿಲ್ದಾಣದ ಕಡೆ ನಡೆದಳು. ಬೇರೆ ಗಿರಣಿಗಳವರೂ ಅವಳನ್ನು ತೆಗೆದುಕೊಳ್ಳಲಿಲ್ಲ. ನಮ್ಮ ಊರಲ್ಲಿ ಅಂಗಳದ ಸುದ್ದಿ ಒಂದು ಗಿರಣಿಯಿಂದ ಇನ್ನೊಂದಕ್ಕೆ ಹೋಗಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕು.

ಆ ನುಚ್ಚಿನ ದಿನದಿಂದಲೇ ಸುಜಾತಮ್ಮ ಅಂಗಳಕ್ಕೆ ಬರತೊಡಗಿದ್ದು. ರಾಯಚೂರಿನವರು, ರಸಾಯನಶಾಸ್ತ್ರ ಓದಿದವರು, ಅಲ್ಲಿಯವರೆಗೆ ಆಫೀಸಿನಲ್ಲಷ್ಟೇ ಕೂರುತ್ತಿದ್ದರು. ಒಂದು ವಾರದ ಮೇಲೆ ಕೈಗಡಿಯಾರದ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದೊಂದು ಯಂತ್ರ ತರಿಸಿದರು. ಅದರೊಳಗೆ ಒಂದು ಹಿಡಿ ಕಾಳು ಹಾಕಿದರೆ ಎಷ್ಟು ತೇವ ಇದೆ ಎಂದು ಅಂಕಿಯಲ್ಲಿ ತೋರಿಸುತ್ತಿತ್ತು. ಖುಷಿಪಡಬೇಕಾದವನು ನಾನೇ ಆಗಿದ್ದೆ, ನನ್ನ ಕಷ್ಟಕ್ಕೆ ಅದೇ ಮದ್ದು. ಆದರೆ ನಾನು, "ಬ್ಯಾಟರಿಗೆ ಬಿಸಿಲ ಏನ್ ತಿಳೀತದ್ರಿ? ಇದು ಆಸ್ಪತ್ರ್ಯಾಗ ಜ್ವರಾ ನೋಡಾಕ ಛಲೋ ಅದ" ಎಂದು ಜನರನ್ನು ನಗಿಸಿದೆ. ಹೊಸದನ್ನು ಬೇಡ ಅನ್ನುವವರನ್ನು ನೀವು ಮುಂದೆ ಬೇಕಾದಷ್ಟು ನೋಡುತ್ತೀರಿ. ಅವರ ವಾದವನ್ನು ಕೇಳುವುದಕ್ಕಿಂತ ಅವರು ಏನನ್ನು ಮುಚ್ಚಿಟ್ಟಿದ್ದಾರೆ ಎಂದು ಮೆಲ್ಲಗೆ ಕೇಳಿ. ನನ್ನನ್ನು ಯಾರೂ ಹಾಗೆ ಕೇಳಲಿಲ್ಲ.

ಸಾಹುಕಾರರಿಗೆ ಪಂದ್ಯ ಅಂದರೆ ಪ್ರಾಣ. "ಆತು, ಬರೋ ಸೋಮವಾರ ಹತ್ತ ಬಟ್ಟಲಾ ಇಡ್ರಿ. ಒಂದೊಂದ ಒಂದೊಂದ ಥರಾ ಒಣಗಿದ್ದು. ಮಷಿನ್ ಮೊದಲ ನೋಡಿ ಬಟ್ಟಲದ ತಳಕ್ಕ ಬರೀಲಿ. ಆಮ್ಯಾಲ ನಮ್ಮ ಮೇಸ್ತ್ರಿ ಹಲ್ಲ ಹೇಳ್ಲಿ. ಎಲ್ಲಾರ ಮುಂದನ ಆಗಲಿ!" ಎಂದರು. ಎಲ್ಲರೂ ಸಿಳ್ಳೆ ಹೊಡೆದರು. ಅವರಿಗೆ ನಾನು ಗೆಲ್ಲಬೇಕಿತ್ತು.

ಭಾನುವಾರ ಬೆಳಿಗ್ಗೆ ನಾನು ಬಸ್ಸು ಹತ್ತಿ ನಿಂಗಮ್ಮನ ಹಳ್ಳಿಗೆ ಹೋದೆ. ತಪ್ಪಾಯಿತು ಎನ್ನಲು ಹೋದೆನೆಂದು ಬರೆದರೆ ಚೆನ್ನಾಗಿರುತ್ತಿತ್ತು. ಹೋದದ್ದು ಅದಕ್ಕಲ್ಲ. ಅವಳು ನಾಳೆ ಬಂದು ಹೇಗಾದರೂ ಬಟ್ಟಲುಗಳಲ್ಲಿ ಕೈಯಾಡಿಸಿ ನನಗೆ ಸನ್ನೆ ಮಾಡಲಿ, ಆಮೇಲೆ ಸಾಹುಕಾರರಿಗೆ ಹೇಳಿ ಕೆಲಸ ಕೊಡಿಸುತ್ತೇನೆ ಎಂಬ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಅವಳು ಮನೆಯ ಮುಂದೆ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಕಂಬಳಿ ಹಾಸಿ ಕೂರಿಸಿ ನೀರು ಕೊಟ್ಟಳು. ನಾನು ಸುತ್ತುಬಳಸಿ ಮಾತು ಶುರುಮಾಡಿದೆ. ಅವಳು ನಡುವೆಯೇ ತಡೆದಳು.

"ಮೇಸ್ತ್ರಿ, ನಿಮ್ಮ ಹಲ್ಲ ಹೋಗ್ಯಾವ ಅಂತ ನನಗ ಸಂಕ್ರಾಂತಿ ಮುಂದನ ತಿಳದದ."

ನಾನು ಲೋಟ ಕೆಳಗಿಟ್ಟೆ. ಯಾರು ಹೇಳಿದರು ಎಂದು ಕೇಳಿದೆ.

"ಯಾರ ಹೇಳ್ಬೇಕ್ರಿ? ಮೊದಲ ನೀವು ಕಾಳ ಕಡದ್ರ ಎಡಗಣ್ಣ ಮುಚ್ಚತಿದ್ರಿ, ಒಳಗಿಂದು ಕೇಳಾವರಂಗ. ಈ ಹಂಗಾಮ ಒಂದ ದಿನಾನೂ ಮುಚ್ಚಿಲ್ಲ. ಕಡದು ನನ್ನ ಕಾಲ ನೋಡ್ತಿದ್ರಿ."

"ಮತ್ತ ಯಾಕ ಸುಮ್ಮನಿದ್ದಿ?"

"ಹಿರೇರು ಅಂತ. ಮರ್ಯಾದಿ ಉಳೀಲಿ ಅಂತ" ಎಂದಳು. ಆಮೇಲೆ ಸೊಪ್ಪಿನ ಕಟ್ಟನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನಾ ನಿಮ್ಮ ಮರ್ಯಾದಿ ಎರಡ ತಿಂಗಳ ನನ್ನ ಕಾಲಾಗ ಇಟ್ಕೊಂಡ ಕಾಯ್ದೆ. ನೀವು ನಂದು ಒಂದ ಮಾತಿನ್ಯಾಗ ಕಳದ್ರಿ. ನಾಳೆ ನಾ ಬರಂಗಿಲ್ರಿ. ನಲವತ್ತ ಮಂದಿ ಮುಂದ ನನ್ನ ಹೆಸರ ಹೇಳೀರಿ. ಅದ ನಲವತ್ತ ಮಂದಿ ಮುಂದ ನಿಮ್ಮ ಹೆಸರ ಹೇಳ್ರಿ. ನನಗ ಸುದ್ದಿ ಮುಟ್ಟತದ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಸಿಟ್ಟು ಬಂದಿತ್ತು, ಅವಳ ಮೇಲೆ. ಇಳಿಯುವ ಹೊತ್ತಿಗೆ ಆ ಸಿಟ್ಟಿಗೆ ಕಾರಣವೇ ಸಿಗಲಿಲ್ಲ. ಮನೆಯಲ್ಲಿ ರಾಬಿಯಾಗೆ ಎಲ್ಲ ಹೇಳಿದೆ. ಅವಳಿಗೆ ಹಲ್ಲಿನ ವಿಚಾರ ಗೊತ್ತಿತ್ತು, ನಿಂಗಮ್ಮನ ವಿಚಾರ ಗೊತ್ತಿರಲಿಲ್ಲ. ಅವಳು ಎದ್ದು ನನ್ನ ಬಿಳಿ ಅಂಗಿಗೆ ಇಸ್ತ್ರಿ ಮಾಡಿಟ್ಟಳು.

ಸೋಮವಾರ ಅಂಗಳದಲ್ಲಿ ಮೇಜು ಹಾಕಿ ಹತ್ತು ಸ್ಟೀಲ್ ಬಟ್ಟಲು ಸಾಲಾಗಿ ಇಟ್ಟಿದ್ದರು. ಸಾಹುಕಾರರು ಕುರ್ಚಿಯಲ್ಲಿ, ಸುಜಾತಮ್ಮ ಹಾಳೆ ಹಿಡಿದು ಪಕ್ಕದಲ್ಲಿ, ಸುತ್ತ ಹಮಾಲರು, ಅಂಗಳದ ಹೆಂಗಸರು, ಯಂತ್ರದವರು. ಯಾರೋ ಪದ್ಧತಿಯಂತೆ, "ಹಲ್ಲಿಗೆ ಬಂದಾವೇನ್ರಿ?" ಎಂದು ಕೂಗಿ ನಗಿಸಿದರು. ನಾನು ಮೊದಲ ಬಟ್ಟಲಿನಿಂದ ಒಂದು ಕಾಳು ತೆಗೆದುಕೊಂಡೆ. ಅದನ್ನು ಬಾಯಿಗೆ ಹಾಕಲಿಲ್ಲ. ಇನ್ನೊಂದು ಕೈಯಿಂದ ಮೇಲಿನ ಸೆಟ್ಟು ತೆಗೆದೆ, ಕೆಳಗಿನದನ್ನೂ ತೆಗೆದೆ, ಎರಡನ್ನೂ ಬಟ್ಟಲುಗಳ ಪಕ್ಕದಲ್ಲಿ ಇಟ್ಟೆ.

ಹೆಂಗಸರಲ್ಲಿ ಒಬ್ಬಳು "ಎವ್ವಾ" ಎಂದಳು.

ಬೊಚ್ಚುಬಾಯಿಯಲ್ಲಿ ಮಾತು ಸರಿಯಾಗಿ ಹೊರಡುವುದಿಲ್ಲ, ಆದರೂ ಹೇಳಿದೆ. ಈ ಹಂಗಾಮಿನಲ್ಲಿ ನನ್ನ ಹಲ್ಲು ಒಂದು ಕಾಳನ್ನೂ ನೋಡಿಲ್ಲ. ಎಲ್ಲವನ್ನೂ ನೋಡಿದ್ದು ನಿಂಗಮ್ಮನ ಅಂಗಾಲು. ನುಚ್ಚಾದ ದಿನ ಅವಳು ಇರಲಿಲ್ಲ, ಅದಕ್ಕೇ ನುಚ್ಚಾಯಿತು. ಅವಳು ಸರಿಯಾಗಿ ಕಾಲಾಡಿಸಿರಲಿಲ್ಲ ಎಂದದ್ದು ಸುಳ್ಳು. ಸುಳ್ಳು ಹೇಳಿದವನು ಮೌಲಾ ಮೇಸ್ತ್ರಿ. ನನ್ನ ಹೆಸರನ್ನು ಎರಡು ಸಲ ಹೇಳಿದೆ, ಒಂದು ಸಲ ಹೇಳಿದ್ದು ಕೆಲವರಿಗೆ ತಿಳಿದಿರಲಿಲ್ಲ.

ಸಾಹುಕಾರರು ಎದ್ದು ಬಂದರು. ಕೂಗುತ್ತಾರೆ ಎಂದು ಕಾದೆ. ಅವರು ಮೇಜಿನ ಮೇಲಿದ್ದ ಸೆಟ್ಟನ್ನು ಪೆನ್ನಿನಿಂದ ಸ್ವಲ್ಪ ಹೊರಳಿಸಿ, ನಾನು ಅವರ ಬಾಯಲ್ಲಿ ಎಂದೂ ಕೇಳದ ಸಣ್ಣ ದನಿಯಲ್ಲಿ, "ಇವಕ್ಕ ಚಹಾ ಕುಡಿಸೀಯೇನೋ?" ಎಂದರು.

ಹೌದು ಎಂದು ತಲೆ ಆಡಿಸಿದೆ.

"ನನ್ನ ಬಾಯಿ ನಿನ್ನ ಬಾಯಿ ಸೇರಿ ಒಂದ ಹೆಣ್ಣಮಗಳ ಅನ್ನಾ ಕಸಕೊಂಡ್ವು" ಎಂದರು. "ನನ್ನ ಮುಂದ ನಿಂತು ಏನ್ ಮಾಡ್ತಿ? ಅಕಿ ಕಡೆ ಹೋಗು. ನಾನೂ ಕೂಗಿದ್ದು ತಪ್ಪಾತು ಅಂತ ಹೇಳು. ನಾಳೆ ಬಂದ ಮ್ಯಾಲ ನಾನೂ ಎಲ್ಲಾರ ಮುಂದ ಹೇಳ್ತೀನಿ."

ಆಗ ನನಗೆ ಆದ ಹಗುರವನ್ನು ಹೇಗೆ ಬರೆಯುವುದು ಎಂದು ಗೊತ್ತಾಗುತ್ತಿಲ್ಲ. ಕೆಲಸ ಹೋದರೂ ಸರಿಯೇ ಎಂದು ಸಿದ್ಧನಾಗಿ ಬಂದಿದ್ದೆ. ಹೋಗಲಿಲ್ಲ. ಆದರೆ ಹಗುರವಾದದ್ದು ಅದಕ್ಕಲ್ಲ. ತಿಂಗಳುಗಟ್ಟಲೆ ಪ್ರತಿ ಮಧ್ಯಾಹ್ನ ಮೂರು ಗಂಟೆಗೆ ನಾನು ಅಷ್ಟು ಜನರ ಮುಂದೆ ಕಾಳು ಕಡಿದಂತೆ ನಟಿಸುತ್ತಿದ್ದೆ. ಇನ್ನು ಮುಂದೆ ಹಾಗೆ ನಟಿಸಬೇಕಾಗಿಲ್ಲ ಎಂದು ತಿಳಿದಾಗ ನನಗೆ ಅಳು ಬಂತು. ಹಲ್ಲಿಲ್ಲದೆ ಅತ್ತರೆ ಬಹಳ ಕೆಟ್ಟದಾಗಿ ಕಾಣುತ್ತದೆ ಎಂದು ಆಮೇಲೆ ಹಮಾಲರು ಹೇಳಿದರು.

ತೇವ ನೋಡುವ ಆ ಮೀಟರಿನ ಕಥೆ ಇಲ್ಲೇ ಹೇಳಿ ಮುಗಿಸುತ್ತೇನೆ, ಹೊಸಬರಿಗೆ ಅದು ಬೇಕು. ಮೀಟರು ಗಿರಣಿಯಲ್ಲೇ ಉಳಿಯಿತು. ಅದು ಸುಳ್ಳು ಹೇಳುವುದಿಲ್ಲ, ಆದರೆ ನೀವು ಹಾಕಿದ ಹಿಡಿ ಕಾಳಿನ ಬಗ್ಗೆ ಮಾತ್ರ ಹೇಳುತ್ತದೆ. ಮೊದಲ ವಾರ ಸುಜಾತಮ್ಮ ತಮ್ಮ ಕೈಗೆ ಹತ್ತಿರವಿದ್ದ ಕಡೆಯಿಂದ ಕಾಳು ತೆಗೆದು ಹದ ಬಂದಿದೆ ಎಂದರು. ನಿಂಗಮ್ಮ ಅಂಗಳದಲ್ಲಿ ಒಂದು ಸುತ್ತು ನಡೆದು, ಗೋಡೆಯ ನೆರಳು ಬೀಳುವ ಮೂಲೆಯಲ್ಲಿ ನಿಂತು, "ಇಲ್ಲಿಂದ ತಗೀರಿ ಅಮ್ಮಾ" ಎಂದಳು. ಅಲ್ಲಿಯ ಅಂಕಿ ಬೇರೆಯೇ ಬಂತು. ಅವತ್ತಿನಿಂದ ಮೀಟರು ಅವಳ ಕೈಯಲ್ಲೇ ಇರುತ್ತದೆ. ಅವಳಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ, ಅಷ್ಟು ಸಾಕು. ನಾನು ಉಳಿದ ವರ್ಷಗಳಲ್ಲಿ ರೂಲು, ಜಾಲರಿ, ಬೇರಿಂಗು ನೋಡಿಕೊಂಡೆ. ಮೂರು ಗಂಟೆಗೆ ಬಿಸಿ ಚಹಾ ಕುಡಿಯುತ್ತಿದ್ದೆ.

ಆಮೇಲೆ ಬಿಸಿಗಾಳಿಯಿಂದ ಒಣಗಿಸುವ ದೊಡ್ಡ ಯಂತ್ರವೂ ಬಂತು, ಅಂಗಳ ಅರ್ಧವಾಯಿತು. ಅಂಗಳದ ಹೆಂಗಸರಲ್ಲಿ ಎಲ್ಲರಿಗೂ ಒಳಗೆ ಕೆಲಸ ಸಿಗಲಿಲ್ಲ. ತರಬೇತಿಯ ಚಿತ್ರದಲ್ಲಿ ಇದನ್ನು ತೋರಿಸುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹೊಸ ಯಂತ್ರ ಬಂದಾಗ ಅದರ ಅಂಕಿ ಓದಲು ಕಲಿಯಿರಿ. ಅದರ ಜೊತೆಗೆ, ಇಷ್ಟು ದಿನ ಆ ಕೆಲಸವನ್ನು ನಿಜವಾಗಿ ಮಾಡುತ್ತಿದ್ದವರು ಯಾರು ಎಂದು ಹುಡುಕಿರಿ. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಬಹಳ ಕೆಳಗೆ ಇರುತ್ತದೆ.

ಇನ್ನು ಆ ಸೋಮವಾರಕ್ಕೆ ಬರುತ್ತೇನೆ. ಸಾಹುಕಾರರು ಹೋಗು ಎಂದ ಕೂಡಲೇ ನಾನು ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಮತ್ತೆ ಹಾಕಿಕೊಳ್ಳುವ ಮನಸ್ಸಿರಲಿಲ್ಲ. ಹಳ್ಳಿ ಮುಟ್ಟಿದಾಗ ಮಧ್ಯಾಹ್ನ. ನನಗಿಂತ ಮುಂಚೆ ಫೋನಿನಲ್ಲಿ ಸುದ್ದಿ ಬಂದಿತ್ತು ಎಂದು ಕಾಣುತ್ತದೆ, ಓಣಿಯ ಜನ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ನಿಂಗಮ್ಮ ಹೊಸ್ತಿಲಲ್ಲಿ ಕೈಕಟ್ಟಿ ನಿಂತಿದ್ದಳು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬೊಚ್ಚುಬಾಯಿಯಲ್ಲಿ ಒಂದೇ ಉಸಿರಿಗೆ ಹೇಳಿದೆ.

ಅವಳು ಪೂರ್ತಿ ಕೇಳಿದಳು. ನಗಲಿಲ್ಲ.

"ಮೇಸ್ತ್ರಿ, ಒಂದ ಅಕ್ಷರ ತಿಳೀವಲ್ದು" ಎಂದಳು. "ಹಲ್ಲ ಹಾಕ್ಕೊಂಡ ಹೇಳ್ರಿ. ಕಟ್ಟಿ ಮ್ಯಾಲಿನವ್ರಿಗೂ ಕೇಳಬೇಕು."

ಕರವಸ್ತ್ರ ಬಿಚ್ಚಿ, ಅಷ್ಟು ಜನ ನೋಡುತ್ತಿರುವಾಗ ಸೆಟ್ಟು ಹಾಕಿಕೊಂಡೆ. ಓಣಿಯ ಕಡೆ ಮುಖ ಮಾಡಿ ದನಿ ಎತ್ತರಿಸಿ ಮೊದಲಿನಿಂದ ಹೇಳಿದೆ. ನಿಂಗಮ್ಮನ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ, ತಪ್ಪು ನನ್ನದು, ಅದನ್ನು ಅವಳ ಮೇಲೆ ಹಾಕಿದವನೂ ನಾನೇ. ಸಾಹುಕಾರರು ಹೇಳಿಕಳಿಸಿದ ಮಾತನ್ನೂ ಸೇರಿಸಿದೆ. ಅವಳ ಅಣ್ಣ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೇನೋ ಎಂದು ನಾನು ಹೊಸ್ತಿಲನ್ನೇ ನೋಡುತ್ತಾ ನಿಂತೆ.

ಹೊರಗೆ ಬಂದಾಗ ಅವಳ ಕೈಯಲ್ಲಿ ಬುತ್ತಿಯ ಡಬ್ಬಿ ಇತ್ತು. ಕಲ್ಲಿನ ಮೇಲೆ ಕೂತು ಬೂದಿ ಹಚ್ಚಿ ಅದನ್ನು ತಿಕ್ಕತೊಡಗಿದಳು.

"ನಾಳೆ ಎಷ್ಟ ಗಂಟೆಕ್ಕ ಅಂಗಳದಾಗ ಕಾಳ ಹಾಕ್ತೀರಿ?" ಎಂದಳು.